ಬೋರ್ಡೋ ದ್ರಾವಣ

ಬೋರ್ಡೋ ದ್ರಾವಣವು ಮೈಲುತುತ್ತ, ಸುಣ್ಣ ಮತ್ತು ನೀರನ್ನು ನಿಗದಿತ ಪ್ರಮಾಣದಲ್ಲಿ ಬೆರೆಸಿ ತಯಾರಿಸುವ ಒಂದು ಶಿಲೀಂಧ್ರನಾಶಕ. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಹುಟ್ಟಿದ ಈ ದ್ರಾವಣವನ್ನು ಕೊಡಗು, ಮಲೆನಾಡು ಹಾಗೂ ಕರಾವಳಿಯಲ್ಲಿ ಅಡಿಕೆ, ಕಾಫಿ ಮತ್ತು ಕಾಳುಮೆಣಸಿನ ರೋಗಗಳ ಹತೋಟಿಗೆ ಬಳಸಲಾಗುತ್ತದೆ. ಕೃಷಿಕರ ರೂಢಿ, ಸಸ್ಯಶಾಸ್ತ್ರ ಮತ್ತು ರಸಾಯನಶಾಸ್ತ್ರಗಳಂತಹ ದೂರದ ಜ್ಞಾನಶಾಖೆಗಳು ಕೂಡಿದಾಗ ಹೊಸ ಆವಿಷ್ಕಾರ ಹೇಗೆ ಸಾಧ್ಯವಾಗುತ್ತದೆ ಎಂಬುದಕ್ಕೆ ಇದರ ಇತಿಹಾಸವು ಉತ್ತಮ ನಿದರ್ಶನವಾಗಿದೆ.

ಆವಿಷ್ಕಾರ

ತಾಮ್ರಕ್ಕೆ ಶಿಲೀಂಧ್ರವನ್ನು ತಡೆಯುವ ಶಕ್ತಿಯಿದೆ ಎಂಬ ಸಂಗತಿ ಈ ದ್ರಾವಣಕ್ಕಿಂತ ಬಹಳ ಹಿಂದೆಯೇ ತಿಳಿದಿತ್ತು. ಗೋಧಿಗೆ ತಗಲುವ ಕಾಡಿಗೆ ಜಾತಿಯ ರೋಗದ ಬೀಜಕಣಗಳು ತಾಮ್ರದ ಅಂಶವಿರುವ ನೀರಿನಲ್ಲಿ ಮೊಳೆಯುವುದಿಲ್ಲ ಎಂದು ಬೆನೆಡಿಕ್ಟ್ ಪ್ರೆವೊ 1807ರಲ್ಲಿಯೇ ಪ್ರಕಟಿಸಿದ್ದನು. ಆದರೆ ಈ ತಿಳಿವಳಿಕೆ ಮುಖ್ಯವಾಗಿ ಬಿತ್ತನೆ ಬೀಜದ ಉಪಚಾರಕ್ಕೆ ಸೀಮಿತವಾಗಿತ್ತು; ಎಲೆಗಳ ರೋಗಕ್ಕೆ ಅದನ್ನು ಅನ್ವಯಿಸುವ ಯೋಚನೆ ಬೆಳೆಯಲಿಲ್ಲ.

1878ರ ವೇಳೆಗೆ ಅಮೆರಿಕ ಮೂಲದ ಬೂಜುತುಪ್ಪಟ ರೋಗವು ಫ್ರಾನ್ಸಿನಲ್ಲಿ ಕಾಣಿಸಿಕೊಂಡು ದ್ರಾಕ್ಷಿ ಬೆಳೆಯನ್ನು ನಾಶಮಾಡತೊಡಗಿತು. ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಪಿಯೆರ್ ಮಿಲಾರ್ಡೆ 1882ರಲ್ಲಿ ಮೆಡಾಕ್ ಪ್ರದೇಶದ ತೋಟವೊಂದನ್ನು ಹಾದುಹೋಗುವಾಗ, ರಸ್ತೆಯ ಅಂಚಿನ ಬಳ್ಳಿಗಳು ಮಾತ್ರ ಎಲೆ ಉಳಿಸಿಕೊಂಡಿರುವುದನ್ನು ಗಮನಿಸಿದನು. ದಾರಿಹೋಕರು ಹಣ್ಣು ಕದಿಯದಂತೆ ಹೆದರಿಸಲು ತೋಟದವರು ಆ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀಲಿ ಮಿಶ್ರಣವನ್ನು ಎರಚುತ್ತಿದ್ದರು. ರೋಗ ನಿವಾರಣೆ ಅವರ ಉದ್ದೇಶವಾಗಿರಲಿಲ್ಲ.

ರೋಗಾಣುವಿನ ಜೀವನಕ್ರಮವನ್ನು ಬಲ್ಲ ಮಿಲಾರ್ಡೆಗೆ ಈ ದೃಶ್ಯದ ಅರ್ಥ ಹೊಳೆಯಿತು. ಅದೇ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಯುಲಿಸ್ ಗೇಯೋನ್‌ನೊಡನೆ ಮಿಶ್ರಣದ ಪ್ರಮಾಣವನ್ನು ಪರೀಕ್ಷಿಸಿ, 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ತೋಟದವರಲ್ಲಿ ವಸ್ತುವಿತ್ತು, ಸಸ್ಯಶಾಸ್ತ್ರಜ್ಞನಲ್ಲಿ ಪ್ರಶ್ನೆಯಿತ್ತು, ರಸಾಯನಶಾಸ್ತ್ರಜ್ಞನಲ್ಲಿ ಅಳತೆಯ ಕ್ರಮವಿತ್ತು; ಈ ಮೂರೂ ಸೇರಿದಾಗ ಔಷಧ ಸಿದ್ಧವಾಯಿತು.

ಕರ್ನಾಟಕದಲ್ಲಿ ಬಳಕೆ

ಮುಂಗಾರಿನಲ್ಲಿ ಎಳೆಯ ಅಡಿಕೆಕಾಯಿಗಳು ಕೊಳೆತು ಉದುರುವುದನ್ನು ಕೊಳೆರೋಗ ಅಥವಾ ಮಹಾಳಿ ಎನ್ನುತ್ತಾರೆ. ಮಳೆ ತಾಗದಂತೆ ಅಡಿಕೆಗೊನೆಗೆ ಕೊಟ್ಟೆ ಕಟ್ಟುವುದು ಮಲೆನಾಡಿನ ಹಳೆಯ ರಕ್ಷಣಾಕ್ರಮ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ, ಅದಕ್ಕೆ ಫೈಟಾಫ್ಥೊರಾ ಕುಲದ ಜೀವಿ ಕಾರಣವೆಂದು 1910ರಲ್ಲಿ ವಿವರಿಸಿದರು. ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಇಲ್ಲಿ ಬಳಕೆಗೆ ತಂದವರೂ ಅವರೇ.

ದ್ರಾಕ್ಷಿಯ ಬೂಜುತುಪ್ಪಟವನ್ನು ಉಂಟುಮಾಡುವ ಜೀವಿ ಮತ್ತು ಅಡಿಕೆಯ ಫೈಟಾಫ್ಥೊರಾ ಒಂದೇ ವರ್ಗಕ್ಕೆ ಸೇರಿದವು. ಬೆಳೆ, ಹವೆ, ದೇಶಗಳು ಬೇರೆಯಾದರೂ ಸಮಸ್ಯೆಯ ಮೂಲದಲ್ಲಿ ಸಾಮ್ಯವಿದ್ದುದರಿಂದ ಒಂದು ಕಡೆಯ ಪರಿಹಾರವು ಇನ್ನೊಂದು ಕಡೆ ಫಲಕೊಟ್ಟಿತು. ಆದರೂ ಅದನ್ನು ಇದ್ದಂತೆಯೇ ಬಳಸಲು ಸಾಧ್ಯವಿರಲಿಲ್ಲ. ಮಲೆನಾಡಿನ ಜಡಿಮಳೆಗೆ ದ್ರಾವಣ ತೊಳೆದುಹೋಗದಂತೆ ರಾಳದಂತಹ ಅಂಟು ಸೇರಿಸುವ ಪದ್ಧತಿ ಬೆಳೆಯಿತು. ಎತ್ತರದ ಮರವೇರಿ ಗೊನೆಗೆ ಸಿಂಪಡಿಸುವ ಕೆಲಸಕ್ಕೆ ಮರ ಹತ್ತುವವರ ಕೌಶಲವೇ ಆಧಾರವಾಯಿತು.

ಕೊಡಗಿನಲ್ಲಿ

ಕೊಡಗಿನ ತೋಟಗಳಲ್ಲಿ ಕಾಫಿ ಗಿಡಗಳ ನಡುವಿನ ನೆರಳುಮರಗಳಿಗೆ ಕಾಳುಮೆಣಸಿನ ಬಳ್ಳಿಯನ್ನು ಹಬ್ಬಿಸುವುದು ರೂಢಿ. ಸಂಪಾಜೆ, ಭಾಗಮಂಡಲ ಮುಂತಾದ ಕಡೆ ಅಡಿಕೆಯೂ ಇದೆ. ಈ ಮೂರು ಬೆಳೆಗಳಿಗೂ ಬೋರ್ಡೋ ದ್ರಾವಣ ಬಳಕೆಯಲ್ಲಿದೆ.

ಕಾಫಿಯ ಎಲೆಗಳು ಕಪ್ಪಾಗಿ ಕೊಳೆತು, ಶಿಲೀಂಧ್ರದ ಎಳೆಗಳಿಂದ ರೆಂಬೆಗೆ ಜೋತುಬೀಳುವ ರೋಗವನ್ನೂ ಕೊಳೆರೋಗವೆಂದೇ ಕರೆಯುತ್ತಾರೆ. ಇಂಗ್ಲೆಂಡಿನ ಶಿಲೀಂಧ್ರಶಾಸ್ತ್ರಜ್ಞ ಎಂ. ಸಿ. ಕುಕ್ 1876ರಲ್ಲಿ ಇದರ ಕಾರಕಕ್ಕೆ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದು ಹೆಸರಿಟ್ಟಿದ್ದರಿಂದ, ಬೆಳೆಗಾರರ ಕನ್ನಡ ಪದವೊಂದು ವಿಜ್ಞಾನದ ಲ್ಯಾಟಿನ್ ನಾಮಾವಳಿಗೆ ಸೇರಿತು. ಹೆಸರು ಒಂದೇ ಆದರೂ ಅಡಿಕೆಯ ಕೊಳೆರೋಗ ಮತ್ತು ಕಾಫಿಯ ಕೊಳೆರೋಗಗಳಿಗೆ ಕಾರಣವಾಗುವ ಜೀವಿಗಳು ಬೇರೆ ಬೇರೆ. ಕಾಫಿಯ ಕೊಳೆರೋಗಕ್ಕೆ ಶೇ. 1ರ ದ್ರಾವಣವನ್ನೂ, ಅರೇಬಿಕಾ ಕಾಫಿಯ ಎಲೆ ತುಕ್ಕು ರೋಗಕ್ಕೆ ಶೇ. 0.5ರ ದ್ರಾವಣವನ್ನೂ ಶಿಫಾರಸು ಮಾಡಲಾಗಿದೆ. ಕಾಳುಮೆಣಸಿನ ಶೀಘ್ರ ಸೊರಗು ರೋಗವು ಫೈಟಾಫ್ಥೊರಾದಿಂದಲೇ ಬರುವುದರಿಂದ, ಬಳ್ಳಿಗಳಿಗೂ ಮುಂಗಾರಿಗೆ ಮುನ್ನ ಸಿಂಪಡಣೆ ನಡೆಯುತ್ತದೆ.

ತಯಾರಿಕೆ

ಶೇ. 1ರ ದ್ರಾವಣಕ್ಕೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ ಮತ್ತು 100 ಲೀಟರ್ ನೀರು ಬೇಕು. ಮೈಲುತುತ್ತ ಮತ್ತು ಸುಣ್ಣವನ್ನು ಬೇರೆ ಬೇರೆ ಪಾತ್ರೆಗಳಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಕಬ್ಬಿಣದೊಡನೆ ಮೈಲುತುತ್ತ ವರ್ತಿಸುವುದರಿಂದ ಕಬ್ಬಿಣದ ಪಾತ್ರೆಯನ್ನು ಬಳಸುವುದಿಲ್ಲ. ಇದೇ ರಾಸಾಯನಿಕ ಗುಣವು ತೋಟದಲ್ಲಿ ಪರೀಕ್ಷೆಯ ವಿಧಾನವೂ ಆಗಿದೆ: ಹೊಳಪಿನ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಲೇಪ ಮೂಡಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಸುಣ್ಣ ಸಾಲದಿದ್ದರೆ ಎಲೆಗಳು ಸುಡುತ್ತವೆ. ತಯಾರಿಸಿದ ದಿನವೇ ದ್ರಾವಣವನ್ನು ಬಳಸಬೇಕು.

ಮಿತಿಗಳು ಮತ್ತು ಹೊಸ ಬೆಳವಣಿಗೆಗಳು

ಬೋರ್ಡೋ ದ್ರಾವಣವು ರೋಗ ಬಾರದಂತೆ ತಡೆಯುತ್ತದೆಯೇ ಹೊರತು ಬಂದ ರೋಗವನ್ನು ವಾಸಿಮಾಡುವುದಿಲ್ಲ. ಆದ್ದರಿಂದ ಮಳೆ ಹಿಡಿಯುವ ಮೊದಲೇ ಸಿಂಪಡಿಸುವುದು ಮುಖ್ಯ. ತಾಮ್ರವು ಮಣ್ಣಿನಲ್ಲಿ ಕರಗಿಹೋಗದೆ ಸಂಗ್ರಹವಾಗುವುದು ಇದರ ದೊಡ್ಡ ದೋಷ. ಈ ಕಾರಣದಿಂದ ಯುರೋಪಿಯನ್ ಒಕ್ಕೂಟವು 2019ರಿಂದ ತಾಮ್ರದ ಬಳಕೆಯನ್ನು 7 ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೋಗ್ರಾಂಗೆ ಮಿತಿಗೊಳಿಸಿದೆ.

ಮರ ಹತ್ತುವವರ ಕೊರತೆಯಿಂದಾಗಿ ಅಡಿಕೆ ತೋಟಗಳಲ್ಲಿ ಈಗ ಹಗುರವಾದ ಕಾರ್ಬನ್ ಫೈಬರ್ ದೋಟಿಯ ಮೂಲಕ ನೆಲದಿಂದಲೇ ಸಿಂಪಡಿಸುವ ಕ್ರಮ ಬಂದಿದೆ. ವಿಮಾನ ನಿರ್ಮಾಣದಲ್ಲಿ ಹೆಸರಾದ ವಸ್ತುವೊಂದು ಹೀಗೆ, ಕಳ್ಳರನ್ನು ಹೆದರಿಸಲು ಎರಚಿದ ಮಿಶ್ರಣದಿಂದ ಬಂದ ಔಷಧವನ್ನು ಅಡಿಕೆಗೊನೆಗೆ ತಲುಪಿಸುತ್ತಿದೆ.