ಒಂದು ಫೋಟೋ ಇದ್ದರೆ ಕಳಿಸಿ

ಒಂದು ರಾತ್ರಿ. ಬುಲೆಟಿನ್‌ಗೆ ಇನ್ನು ಇಪ್ಪತ್ತೇ ನಿಮಿಷ. ಹಿರಿಯ ರಂಗನಟರೊಬ್ಬರು ತೀರಿಕೊಂಡ ಸುದ್ದಿ ಬಂತು. ನಲವತ್ತು ವರ್ಷ ಮುಖಕ್ಕೆ ಬಣ್ಣ ಹಚ್ಚಿದವರು. ಡೆಸ್ಕಿನಿಂದ ಒಂದೇ ಕೂಗು, "ಫೋಟೋ ಎಲ್ಲಿ?" ಮನೆಯವರನ್ನು ಕೇಳಿದಾಗ ಎರಡು ಬಂದವು. ಒಂದು ಮದುವೆಯ ಗ್ರೂಪ್ ಫೋಟೋದಿಂದ ಕತ್ತರಿಸಿದ್ದು, ಪಕ್ಕದವರ ಭುಜ ಹಾಗೇ ಉಳಿದಿತ್ತು. ಇನ್ನೊಂದು ನಾಟಕದ್ದು. ಫ್ಲ್ಯಾಶ್ ಬಿದ್ದು ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಕಾಣ್ತಿತ್ತು. ಕೊನೆಗೆ ಮದುವೆಯದ್ದನ್ನೇ ತೋರಿಸಿದ್ವಿ.

ಸಿನಿಮಾ ನಟ ಹೋದರೆ ಸಿನಿಮಾ ಉಳಿಯುತ್ತೆ ಸ್ವಾಮಿ. ನಾಟಕ ಹಾಗಲ್ಲ, ಪರದೆ ಬಿದ್ದರೆ ಮುಗೀತು. ಉಳಿಯೋದು ನೋಡಿದವರ ನೆನಪು, ಮತ್ತೆ ಯಾರಾದರೂ ತೆಗೆದಿದ್ದರೆ ಒಂದಿಷ್ಟು ಫೋಟೋ. ರಂಗನಟನಿಗೆ ಬೇಕಾಗಿರೋದು ಎರಡು ತರಹದ ಫೋಟೋ. ಒಂದು ಮುಖದ್ದು, ಇನ್ನೊಂದು ಪಾತ್ರದ್ದು.

ಮುಖದ್ದಕ್ಕೆ ಹೆಡ್‌ಶಾಟ್ ಅಂತಾರೆ. ಎದೆಯಿಂದ ಮೇಲಕ್ಕೆ, ಹಿಂದೆ ಖಾಲಿ ಗೋಡೆ, ಅಷ್ಟೇ. ಅಮೆರಿಕದಲ್ಲಿ ಆಡಿಷನ್‌ಗೆ ಹೋಗುವ ನಟ 8 ಇಂಚು ಅಗಲ, 10 ಇಂಚು ಎತ್ತರದ ಪ್ರಿಂಟ್ ಹಿಡಿದು, ಅದರ ಬೆನ್ನಿಗೆ ತಾನು ಮಾಡಿದ ಪಾತ್ರಗಳ ಪಟ್ಟಿ ಲಗತ್ತಿಸಿಕೊಂಡು ಹೋಗೋದು ಹಳೇ ರೂಢಿ. ಲಂಡನ್ನಿನ ಸ್ಪಾಟ್‌ಲೈಟ್ ಎಂಬ ಸಂಸ್ಥೆ 1927ರಿಂದ ನಟರ ಮುಖಗಳ ಡೈರೆಕ್ಟರಿಯನ್ನೇ ನಡೆಸ್ತಾ ಬಂದಿದೆ. ನಮ್ಮಲ್ಲಿ ಈಗ ಎಲ್ಲ ವಾಟ್ಸ್ಆ್ಯಪ್‌ನಲ್ಲೇ.

ನಮ್ಮ ಹುಡುಗರು ತಪ್ಪೋದು ಎಲ್ಲಿ ಗೊತ್ತಾ? ಸಾಲ ಮಾಡಿ ಸ್ಟುಡಿಯೋಗೆ ಹೋಗ್ತಾರೆ. ಅಲ್ಲಿ ಮೊಡವೆ ಅಳಿಸ್ತಾರೆ, ಬಣ್ಣ ಬಿಳಿ ಮಾಡ್ತಾರೆ, ಕೆನ್ನೆ ನುಣ್ಣಗೆ ಮಾಡ್ತಾರೆ. ನಿರ್ದೇಶಕರು ಆ ಫೋಟೋ ನೋಡಿ ಕರೀತಾರೆ, ಬಾಗಿಲಲ್ಲಿ ಬೇರೆ ಯಾರೋ ನಿಂತಿರ್ತಾರೆ! ಹೆಡ್‌ಶಾಟ್ ಚೆಂದ ಕಾಣೋಕಲ್ಲ, ನಿಮ್ಮ ಹಾಗೆ ಕಾಣೋಕೆ. ಕೆನ್ನೆಯ ಗಾಯದ ಗುರುತು ಇದ್ದರೆ ಇರಲಿ, ಅದನ್ನು ನೋಡಿಯೇ ಪಾತ್ರ ಸಿಕ್ಕೀತು.

ಇದಕ್ಕೆ ಸಾವಿರಾರು ರೂಪಾಯಿ ಬೇಕಿಲ್ಲ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ನಿಲ್ಲಿ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ. ಫೋಕಸ್ ಕಣ್ಣಿನ ಮೇಲಿರಲಿ, ಕಣ್ಣಲ್ಲಿ ಕಿಟಕಿಯ ಬೆಳಕಿನ ಚುಕ್ಕೆ ಕಾಣಬೇಕು. ಮೊಬೈಲನ್ನು ಮೂತಿಯ ಹತ್ತಿರ ಹಿಡಿಯಬೇಡಿ, ಮೂಗು ದಪ್ಪ ಕಾಣುತ್ತೆ. ಎರಡು ಹೆಜ್ಜೆ ಹಿಂದೆ ಹೋಗಿ, ಆಮೇಲೆ ಜೂಮ್ ಮಾಡಿ. ಗಡ್ಡ ಬಿಟ್ಟರೆ, ಕೂದಲು ನರೆತರೆ ಹೊಸ ಫೋಟೋ ತೆಗೆಸಿ. ಹತ್ತು ವರ್ಷದ ಹಿಂದಿನ ಮುಖಕ್ಕೆ ಇವತ್ತು ಪಾತ್ರ ಕೇಳಬಾರದು.

ಇನ್ನು ಪಾತ್ರದ ಫೋಟೋ. ಇದು ಕಷ್ಟದ ಕೆಲಸ. ಮೊದಲ ನಿಯಮ, ಫ್ಲ್ಯಾಶ್ ಬೇಡವೇ ಬೇಡ. ನಟನ ಕಣ್ಣು ಕುಕ್ಕುತ್ತೆ, ಬೆಳಕಿನ ವಿನ್ಯಾಸಕಾರರು ಕಷ್ಟಪಟ್ಟು ಕಟ್ಟಿದ ಸಂಜೆಯೋ ಬೆಳದಿಂಗಳೋ ಒಂದೇ ಏಟಿಗೆ ಸತ್ತುಹೋಗುತ್ತೆ. ಹಿಂದೆ ಪೂರ್ತಿ ಕತ್ತಲು, ಮುಖದ ಮೇಲೆ ಮಾತ್ರ ಬೆಳಕು. ಕ್ಯಾಮೆರಾ ಕತ್ತಲನ್ನು ನೋಡಿ ಮೋಸ ಹೋಗಿ ಮುಖವನ್ನು ಬಿಳುಪಾಗಿಸುತ್ತೆ. ಹಾಗಾಗಿ ಬೆಳಕನ್ನು ಮುಖದಿಂದಲೇ ಅಳೆಯಬೇಕು. ಐಎಸ್ಒ 3200ರ ಆಸುಪಾಸು, ಶಟರ್ ಸೆಕೆಂಡಿನ 200ನೇ ಒಂದು ಭಾಗ, ಇಲ್ಲಿಂದ ಶುರು ಮಾಡಬಹುದು.

ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೇ ಬಿಡೋದಿಲ್ಲ. ನೋಡುವವರ ಏಕಾಗ್ರತೆಗೆ ಅಷ್ಟು ಬೆಲೆ. ಅಂಥ ಕಡೆ ಟಕ್ ಟಕ್ ಅನ್ನೋ ಕ್ಯಾಮೆರಾ ಸಹಿಸೋರು ಯಾರು? ಅದಕ್ಕೇ ಗ್ರ್ಯಾಂಡ್ ರಿಹರ್ಸಲ್ ದಿನ ತೆಗೆಯೋದು ಮೇಲು. ವೇಷ, ಬೆಳಕು ಎಲ್ಲಾ ಇರುತ್ತೆ, ಪ್ರೇಕ್ಷಕರು ಇರೋದಿಲ್ಲ. ಒಮ್ಮೆ ನಾಟಕ ನೋಡಿರಿ, ಆಮೇಲೆ ಕ್ಯಾಮೆರಾ ಎತ್ತಿ. ಮಾತಾಡುವಾಗ ಬಾಯಿ ಅರ್ಧ ತೆರೆದಿರುತ್ತೆ. ಒಳ್ಳೆ ಫೋಟೋ ಸಿಗೋದು ಮಾತು ಮುಗಿದ ಕ್ಷಣದಲ್ಲಿ, ಇಲ್ಲಾ ಎದುರು ನಿಂತು ಕೇಳಿಸಿಕೊಳ್ಳುತ್ತಿರುವವನ ಮುಖದಲ್ಲಿ.

ತಂಡದವರಿಗೆ ನನ್ನದೊಂದು ಮನವಿ. ಪ್ರತಿ ನಾಟಕದ ಹತ್ತು ಫೋಟೋ ಎತ್ತಿಡಿ. ನಾಟಕದ ಹೆಸರು, ತಾರೀಕು, ನಟರ ಹೆಸರು, ಫೋಟೋ ತೆಗೆದವರ ಹೆಸರು ಬರೆದಿಡಿ. ರಾಜನ ಹಿಂದೆ ಈಟಿ ಹಿಡಿದು ನಿಂತವನ ಹೆಸರನ್ನೂ ಬಿಡಬೇಡಿ. ಅವನ ಮನೆಗೂ ಒಂದು ಪ್ರಿಂಟ್ ಹೋಗಲಿ. ನಾವು ಟಿವಿಯವರು ಫೋನ್ ಮಾಡೋ ತನಕ ಕಾಯಬೇಡಿ. ನಾವು ಯಾವಾಗ ಫೋನ್ ಮಾಡ್ತೀವಿ ಅಂತ ನಿಮಗೆ ಗೊತ್ತಲ್ಲ.