ನೀರಿಲ್ಲದ ಸೀಮೆಯ ಮಿಂಚುಳ್ಳಿ

ಮಿಂಚುಳ್ಳಿ ಎಂದೊಡನೆ ಕೆರೆಯೂ ಮೀನೂ ನೆನಪಾಗುವುದು ಸಹಜ. ಮಳೆಯೇ ಅಪರೂಪವಾದ ನಮ್ಮ ಬೆಳುಗುಪ್ಪದ ಸೀಮೆಯಲ್ಲಿ ಆ ಹಕ್ಕಿಗೇನು ಕೆಲಸವೆಂದು ವಾಚಕರು ಕೇಳಬಹುದು.

ಕಳೆದ ಮುಂಗಾರಿನ ಆರಂಭದಲ್ಲಿ ನಮ್ಮ ಶಾಲೆಯ ಬಾಲಕನೊಬ್ಬನು ಓಡಿಬಂದು, “ಸಾರ್, ಹಾಳುಬಾವಿಯಲ್ಲಿ ಪಾಲಪಿಟ್ಟ ಗೂಡು ಮಾಡಿದೆ” ಎಂದನು. ತೆಲುಗರ ಪಾಲಪಿಟ್ಟವೆಂದರೆ ಕನ್ನಡಿಗರ ನೀಲಕಂಠ. ವಿಜಯದಶಮಿಯಂದು ಅದರ ದರ್ಶನ ಶುಭವೆಂಬ ನಂಬಿಕೆ ಇಬ್ಬರಲ್ಲಿಯೂ ಇದೆ. ನಾವು ಹೋಗಿ ದೂರದಿಂದ ನೋಡಿದೆವು. ಅದು ನೀಲಕಂಠವಲ್ಲ, ಬಿಳಿಗೊರಳಿನ ಮಿಂಚುಳ್ಳಿ.

ಎರಡರ ರೆಕ್ಕೆಯಲ್ಲಿಯೂ ನೀಲಿಯುಂಟು. ಆದರೆ ನೀಲಕಂಠದ ಕೊಕ್ಕು ಕಪ್ಪು. ಮಿಂಚುಳ್ಳಿಯದು ಉದ್ದವಾದ ಕೆಂಪು ಕೊಕ್ಕು. ತಲೆ ಮತ್ತು ಹೊಟ್ಟೆ ಕಂದು, ಕೊರಳು ಮತ್ತು ಎದೆ ಅಚ್ಚ ಬಿಳುಪು. ಹಾರುವಾಗ ರೆಕ್ಕೆಯಲ್ಲೊಂದು ಬಿಳಿಯ ಮಚ್ಚೆ ಹೊಳೆಯುತ್ತದೆ. ಕೊಕ್ಕಿನಿಂದ ಬಾಲದವರೆಗೆ ಸುಮಾರು 28 ಸೆಂಟಿಮೀಟರು. ಏಷ್ಯಾ ಮೈನರಿನ ಸ್ಮಿರ್ನಾ ನಗರದ ಹೆಸರಿನಿಂದ ಲಿನ್ನೇಯಸನು 1758ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮವನ್ನಿತ್ತನು.

ಇದು ನೀರನ್ನೇ ನಂಬಿ ಬಾಳುವ ಹಕ್ಕಿಯಲ್ಲ. ವಿದ್ಯುತ್ ತಂತಿಯ ಮೇಲೋ ಬೇವಿನ ಕೊಂಬೆಯಲ್ಲೋ ಅಲುಗದೆ ಕುಳಿತು, ನೆಲದ ಮೇಲಿನ ಮಿಡತೆ, ಚೇಳು, ಓತಿಕೇತ, ಸುಂಡಿಲಿಗಳ ಮೇಲೆರಗುತ್ತದೆ. ಹಿಡಿದುದನ್ನು ಕೊಂಬೆಗೆ ಬಡಿದು ನುಂಗುತ್ತದೆ. ಮೀನು ಸಿಕ್ಕರೆ ಬಿಡದು, ಸಿಗದಿದ್ದರೆ ಕೊರಗದು. ಕಡಲೆಕಾಯಿಯ ಹೊಲಗಳ ನಡುವೆ ಅದು ಬದುಕಿರುವುದು ಹೀಗೆ.

ಆದರೆ ಸಂತಾನಕ್ಕೆ ಮಾತ್ರ ಕಡಿದಾದ ಮಣ್ಣಿನ ಗೋಡೆ ಬೇಕೇ ಬೇಕು. ಗಂಡು ಹೆಣ್ಣುಗಳೆರಡೂ ಸೇರಿ ಅದರಲ್ಲಿ ಮೊಳಕ್ಕೂ ಮಿಗಿಲಾದ ಸುರಂಗವನ್ನು ಕೊರೆಯುತ್ತವೆ. ಅದರ ಕೊನೆಯಲ್ಲಿ ನಾಲ್ಕರಿಂದ ಏಳು ಬಿಳಿಯ ಮೊಟ್ಟೆಗಳು. ಮರಿಯಾಗಲು ಸುಮಾರು ಮೂರು ವಾರ. ಮರಿಗಳು ಹಾರಲು ಮತ್ತೆ ಅಷ್ಟೇ ಕಾಲ.

ಕೊಳವೆಬಾವಿಗಳು ಬಂದ ಮೇಲೆ ನಮ್ಮ ತೆರೆದ ಬಾವಿಗಳು ಬತ್ತಿ ಪಾಳುಬಿದ್ದಿವೆ. ಮಕ್ಕಳು ಬೀಳುವರೆಂಬ ಭಯದಿಂದ ಅವುಗಳನ್ನು ಮುಚ್ಚುವುದು ನ್ಯಾಯವೇ. ಆ ಬಾವಿಯ ಒಡೆಯರೂ ಮರುವಾರ ಮಣ್ಣು ತುಂಬಿಸುವವರಿದ್ದರು. ಹೊಲದ ಮಿಡತೆಗಳನ್ನು ತಿನ್ನುವ ಹಕ್ಕಿಯಿದೆಂದು ನಾವು ವಿನಂತಿಸಲು, ಸುತ್ತಲೂ ಮುಳ್ಳುಬೇಲಿ ಹಾಕಿಸಿ ಎರಡು ತಿಂಗಳು ತಡೆದರು. ಆಷಾಢ ಮುಗಿಯುವ ಹೊತ್ತಿಗೆ ಮೂರು ಮರಿಗಳು ತಂತಿಯ ಮೇಲೆ ಸಾಲಾಗಿ ಕುಳಿತಿದ್ದುದನ್ನು ಆ ಬಾಲಕನೇ ನಮಗೆ ತೋರಿಸಿದನು. ಈ ಸಲ ಹೆಸರು ತಪ್ಪಲಿಲ್ಲ. ಬಾವಿಯನ್ನು ಅನಂತರವೇ ಮುಚ್ಚಲಾಯಿತು.

ಹಾಳುಬಾವಿಯನ್ನು ಮುಚ್ಚಿಸುವ ಬಂಧುಗಳು ಮೊದಲೊಮ್ಮೆ ಅದರ ಗೋಡೆಯನ್ನು ನೋಡಬೇಕೆಂಬುದೇ ನಮ್ಮ ಬಿನ್ನಹ.