ಒಂದು ಹಳೆಯ ಕಾರಿನ ಬೆಲೆ

ಹಳೆಯ ವಸ್ತುವಿಗೆ ಬೆಲೆ ಕಟ್ಟುವುದು ಕಷ್ಟ. ಕಟ್ಟುವವನಿಗೇ ಆ ವಸ್ತುವಿನ ಮೇಲೆ ಆಸೆಯಿದ್ದರಂತೂ ಅದು ಧರ್ಮಸಂಕಟವೇ ಸರಿ. ಹೋದ ವರ್ಷ ಅಂಥದೊಂದು ಸಂಕಟ ನನ್ನ ಪಾಲಿಗೆ ಬಂದಿತು.

ಮೈಸೂರಿನ ಒಂಟಿಕೊಪ್ಪಲಿನಲ್ಲಿದ್ದ ನನ್ನ ಹಿರಿಯ ಮಿತ್ರರು ತೀರಿಕೊಂಡರು. ಅವರ ಷೆಡ್ಡಿನಲ್ಲಿ 1970ರ ಫಿಯಟ್ 1100 ಡಿಲೈಟ್ ಕಾರೊಂದು ಉಳಿಯಿತು. ಅವರ ಪತ್ನಿಯನ್ನು ನಾನು ಅತ್ತಿಗೆಯೆಂದೇ ಕರೆಯುವುದು. ಆಕೆ ನನ್ನನ್ನು ಬರಮಾಡಿಕೊಂಡು, “ಆಸ್ಪತ್ರೆಯ ಸಾಲ ತೀರಿಸಬೇಕು. ಗುಜರಿಯವನು ಇಪ್ಪತ್ತೈದು ಸಾವಿರ ಎನ್ನುತ್ತಾನೆ. ನ್ಯಾಯವಾದ ಬೆಲೆ ಎಷ್ಟೆಂದು ನೀವೇ ಹೇಳಿಬಿಡಿ. ನೀವೇ ಇಟ್ಟುಕೊಂಡರೂ ಸಂತೋಷ” ಎಂದರು. ಆ ಕಾರಿನ ಮೇಲೆ ನನಗೆ ಎಷ್ಟು ಕಾಲದಿಂದ ಕಣ್ಣಿತ್ತೆಂಬುದು ಆಕೆಗೆ ತಿಳಿಯದು. ಐವತ್ತು ಸಾವಿರವೆಂದಿದ್ದರೂ ನಂಬಿ ಕೊಟ್ಟುಬಿಡುತ್ತಿದ್ದರು.

ಗುಜರಿಯವನ ಲೆಕ್ಕ ಸುಳ್ಳಲ್ಲ. ಸುಮಾರು ಒಂಬತ್ತುನೂರು ಕಿಲೋ ತೂಗುವ ಕಾರು ಅವನ ತಕ್ಕಡಿಗೆ ಬರಿಯ ಕಬ್ಬಿಣ. ವಿಮೆಯ ಕಾಗದದಿಂದಲೂ ಪ್ರಯೋಜನವಾಗಲಿಲ್ಲ. ವರ್ಷವರ್ಷಕ್ಕೆ ಬೆಲೆ ಸವೆಯುವುದಕ್ಕೆ ಅಲ್ಲೊಂದು ಕೋಷ್ಟಕವುಂಟು. ಐದು ವರ್ಷ ದಾಟಿದ ಮೇಲೆ ವಿಮೆ ಮಾಡುವವರೂ ಮಾಡಿಸುವವರೂ ಒಪ್ಪಿದ್ದೇ ಬೆಲೆ. ಕಂತು ಕಡಮೆಯಾಗಲೆಂದು ಮಿತ್ರರು ಮೂವತ್ತು ಸಾವಿರಕ್ಕೆ ಒಪ್ಪಿದ್ದರು.

ಕೊನೆಗೆ ಕಾರನ್ನೇ ಕೇಳಬೇಕಾಯಿತು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಅದರ ಮೈಯೆಲ್ಲ ಆಡಿಸಿದೆ. ತಗಡಿದ್ದಲ್ಲಿ ಅದು ಹಿಡಿಯುತ್ತದೆ. ಪುಟ್ಟಿ ಮೆತ್ತಿ ಬಣ್ಣ ಬಳಿದಲ್ಲಿ ಜಾರುತ್ತದೆ. ಎಡಬಾಗಿಲಿನ ಕೆಳಗೆ ಅಂಗೈಯಗಲ ಜಾರಿತು, ಅಷ್ಟೆ. ಕಾಲಡಿಯ ಚಾಪೆ ಎತ್ತಿದಾಗ ಮಾತ್ರ ತುಕ್ಕು ಕಂಡಿತು, ಬ್ರೇಕೂ ಸಡಿಲವಾಗಿತ್ತು. 1089 ಸಿ.ಸಿ. ಎಂಜಿನ್ನಿನ ಸಂಖ್ಯೆ ಆರ್.ಸಿ. ಪುಸ್ತಕದೊಡನೆ ಸರಿಹೊಂದಿತು. ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ತಪ್ಪದೆ ನವೀಕರಿಸಿದ್ದರು. ರಾಜ್ಯಕ್ಕೆ 1973ರಲ್ಲಿ ಕರ್ನಾಟಕವೆಂದು ಹೆಸರಾಗುವ ಮುಂಚಿನ ‘ಎಂವೈ’ ಸಂಖ್ಯೆಯೇ ಇನ್ನೂ ಅದರ ಮೇಲಿತ್ತು.

ಇಂಥ ಕಾರಿಗೆ ಗಿರಾಕಿಗಳುಂಟು. ಮೂಲರೂಪ ಕೆಡದೆ ಐವತ್ತು ವರ್ಷ ದಾಟಿದ ವಾಹನಕ್ಕೆ ‘ವಿಂಟೇಜ್’ ನೋಂದಣಿ ಕೊಡಲು ಕೇಂದ್ರ ಸರಕಾರ 2021ರಲ್ಲಿ ನಿಯಮ ಮಾಡಿತು. ಆದರೆ ಹಾಗೆ ನೋಂದಾಯಿಸಿದ್ದನ್ನು ದಿನನಿತ್ಯ ಓಡಿಸುವಂತಿಲ್ಲ. ಇನ್ನೊಂದು ಮಾತು: ಈ ಕಾರೇ ಮುಂದೆ ‘ಪದ್ಮಿನಿ’ ಎಂಬ ಹೆಸರು ಪಡೆದು, ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯಲ್ಲಿ ಹತ್ತಾರು ವರ್ಷ ತಯಾರಾಯಿತು. ಆದುದರಿಂದಲೇ ಬಿಡಿಭಾಗಗಳು ಈಗಲೂ ಸಿಗುತ್ತವೆ. ಆದುದರಿಂದಲೇ ಇದು ತೀರ ಅಪರೂಪವೂ ಅಲ್ಲ.

ಮುಂಗಂಬಿಯ ಗೂಡಿನಲ್ಲಿ ಮಿತ್ರರ ಖರ್ಚಿನ ಪುಸ್ತಕವಿತ್ತು. ಎಣ್ಣೆ ಬದಲಿಸಿದ ದಿನ, ಟೈರು ಕೊಂಡ ದಿನ, ಕೊಟ್ಟ ಹಣ ಎಲ್ಲವೂ ಅವರ ದುಂಡು ಅಕ್ಷರದಲ್ಲಿ. ಕೂಡಿಸಿ ನೋಡಿದೆ: ನಾಲ್ಕು ಲಕ್ಷಕ್ಕೂ ಮೇಲೆ! ಅದನ್ನು ಯಾವ ಗಿರಾಕಿಯೂ ತುಂಬಿಕೊಡನು. ಆದರೆ ಆ ಪುಸ್ತಕ ಓದಿದವನಿಗೆ, ತಾನು ಮೋಸಹೋದೇನೆಂಬ ಅಂಜಿಕೆಯಿರದು. ಜೋಪಾನ ಮಾಡಿದವನಿಗೆ ಸಂತೆಯಲ್ಲಿ ದೊರೆಯುವ ಬಡ್ಡಿ ಇಷ್ಟೇ.

ಆ ವರ್ಷ ಊರಿನಲ್ಲಿ ಇಂಥವೇ ಎರಡು ಕಾರುಗಳು ಮಾರಾಟವಾಗಿದ್ದವು. ಕೇಳಿದ ಬೆಲೆಯನ್ನು ಬಿಟ್ಟು, ಕೈಗೆ ಬಂದ ಹಣವೆಷ್ಟೆಂದು ವಿಚಾರಿಸಿದೆ: ಒಂದಕ್ಕೆ ಮೂರೂಕಾಲು ಲಕ್ಷ, ಇನ್ನೊಂದಕ್ಕೆ ಮೂರೂಮುಕ್ಕಾಲು. ನಡುವಣ ಮೂರೂವರೆಯಲ್ಲಿ ತುಕ್ಕು, ಬ್ರೇಕುಗಳ ರಿಪೇರಿಗೆಂದು ನಲವತ್ತು ಸಾವಿರ ಕಳೆದೆ. ಉಳಿದದ್ದು ಮೂರು ಲಕ್ಷದ ಹತ್ತು ಸಾವಿರ. ನನ್ನಲ್ಲಿದ್ದದ್ದು ಎರಡು ಲಕ್ಷ. ಒಂದು ರಾತ್ರಿಯೆಲ್ಲ ಆ ಲೆಕ್ಕವನ್ನು ತಗ್ಗಿಸಲು ದಾರಿ ಹುಡುಕಿದೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಬೆಳಿಗ್ಗೆ ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟೆ.

ಹಾಸನದ ವೈದ್ಯರೊಬ್ಬರು ಹತ್ತು ಸಾವಿರ ಚೌಕಾಸಿ ಮಾಡಿ, ಮೂರು ಲಕ್ಷಕ್ಕೆ ಒಯ್ದರು. ಖರ್ಚಿನ ಪುಸ್ತಕವೂ ಕಾರಿನೊಡನೆ ಹೋಯಿತು. ಸಾಲ ತೀರಿತು.

“ನೀವೇಕೆ ಇಟ್ಟುಕೊಳ್ಳಲಿಲ್ಲ?” ಎಂದು ಅತ್ತಿಗೆ ಕೇಳಿದರು.

“ನಮ್ಮಲ್ಲಿ ನಿಲ್ಲಿಸಲು ಜಾಗವಿಲ್ಲ” ಎಂದೆ. ನಮ್ಮ ಷೆಡ್ಡು ಈಗಲೂ ಖಾಲಿಯಾಗಿಯೇ ಇದೆ.